ಬೈಕುಲ್ಲಾದ ಬಾಗಿಲಿನ ಪಾಠ

ಉಳ್ಳಾಗಡ್ಡಿಯ ವಾಸನೆಗೆ ಎಲ್ಲರಿಗೂ ಕಣ್ಣೀರು ಬರುತ್ತದೆ. ನನಗೆ ಸಿಟ್ಟು ಬರುತ್ತದೆ.

ಮೊನ್ನೆ ಬೈಕುಲ್ಲಾದಲ್ಲಿ ಹೀಗೇ ಆಯಿತು. ಅಕ್ಕನ ಮಗ ಕಾರು ನಿಲ್ಲಿಸಿ, "ಎರಡೇ ಮಿನಿಟ್ ಮೌಶಿ, ಬಂದೆ" ಎಂದು ಹೋದವನು ಪತ್ತೆಯೇ ಇಲ್ಲ. ಧಗೆ ತಡೆಯಲಾರದೆ ಗಾಜು ಇಳಿಸಿದೆ. ಮಳೆಗೆ ನೆನೆದ ಗೋಣಿಚೀಲ, ಕೊಳೆತ ಉಳ್ಳಾಗಡ್ಡಿ ಸಿಪ್ಪೆ, ಕೆಸರು, ಎಲ್ಲ ಸೇರಿದ ಆ ವಾಸನೆ ಮೂಗಿಗೆ ಹೊಡೆಯಿತು ನೋಡಿ, "ಮಿಸ್, ದ ಡೋರ್ ಪ್ಲೀಸ್!" ಎಂಬ ನನ್ನ ಹಳೆಯ ಪರೀಕ್ಷಕ ಇನಾಮದಾರ ಸರ್ ಅವರ ದನಿ ಕಿವಿಯಲ್ಲೇ ಕೇಳಿದಂತಾಗಿ ಹಲ್ಲು ಕಚ್ಚಿಕೊಂಡೆ. ಆ ಮನುಷ್ಯ ತೀರಿಹೋಗಿ ಎಷ್ಟೋ ಕಾಲವಾಯಿತು. ನನ್ನ ಸಿಟ್ಟು ಮಾತ್ರ ಇನ್ನೂ ಗಟ್ಟಿಮುಟ್ಟಾಗಿದೆ.

ಆಗ ನಮ್ಮ ಧಾರವಾಡ ಇನ್ನೂ ಮುಂಬೈ ರಾಜ್ಯದಲ್ಲೇ ಇತ್ತು. ಅಪ್ಪ ಹೋದ ಮೇಲೆ ಮನೆ ಅಣ್ಣನದಾಗಿತ್ತು, ಅಣ್ಣ ಅತ್ತಿಗೆಯವನಾಗಿದ್ದ. ನಾನು ಬಿ.ಎ. ಮುಗಿಸಿ ಅಡುಗೆಮನೆಯ ಮೂಲೆಯಲ್ಲಿ ಚಟ್ನಿಪುಡಿ ಕುಟ್ಟುತ್ತಿದ್ದೆ. ಮುಂಬೈಯಲ್ಲಿದ್ದ ಅಕ್ಕ, "ಇಲ್ಲೆ ಇಂಗ್ಲಿಷ್ ಕಲಿಸೋ ಟ್ರೇನಿಂಗ್ ಕಾಲೇಜ್ ಅದ, ಆಕಿನ್ನ ಕಳಸು" ಎಂದು ಅಣ್ಣನಿಗೆ ದುಂಬಾಲು ಬಿದ್ದಳು. ಅಣ್ಣ ಒಪ್ಪಿದ. ಸ್ಟೇಷನ್ನಿನಲ್ಲಿ ನನ್ನ ಟ್ರಂಕು ಒಳಗಿಡುತ್ತ, "ಒಂದ್ ವರ್ಷ ನೋಡ್ವಾ. ಪಾಸಾದ್ರ ನೌಕರಿ ಮಾಡು, ನಾ ಬ್ಯಾಡ ಅನ್ನಂಗಿಲ್ಲ. ಫೇಲಾದ್ರ ಸುಮ್ಮನ ಮನಿಗೆ ಬಾ, ಮುಂದಿಂದು ನಾ ನೋಡ್ತೀನಿ" ಎಂದ. ಅವನು ಮುಂದಿನದನ್ನು ನೋಡುವುದು ಎಂದರೇನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗದಗಿನ ಕಡೆ ಒಬ್ಬ ಎರಡನೇ ಸಂಬಂಧದ ವರನನ್ನು ಅತ್ತಿಗೆ ಆಗಲೇ ಹುಡುಕಿ ಇಟ್ಟಿದ್ದಳು. ಆತನಿಗೆ ಹೊಲವಿತ್ತು, ಎರಡು ಜೊತೆ ಎತ್ತುಗಳಿದ್ದವು, ಇಂಗ್ಲಿಷಿನ ಗೊಡವೆ ಇರಲಿಲ್ಲ. ಆ ಮನೆಗೆ ಹೋಗುವುದು ನನಗೆ ಸುತರಾಂ ಬೇಡವಾಗಿತ್ತು.

ಪರೇಲಿನ ಚಾಳಿನಲ್ಲಿ ಅಕ್ಕನದು ಒಂದೇ ಖೋಲಿ. ಅಕ್ಕ, ಭಾವ, ಭಾವನ ತಾಯಿ, ಎರಡು ಮಕ್ಕಳು, ಮೇಲೆ ನಾನು. ಜೂನ್ ತಿಂಗಳ ಮಳೆ ಹಿಡಿದುಕೊಂಡಿತ್ತು. ಒಣಗದ ಬಟ್ಟೆಗಳು ತಲೆಯ ಮೇಲೆ ತೂಗಾಡುತ್ತಿದ್ದವು. ಅದರ ಕೆಳಗೆ ಕುಳಿತು ನಾನು ಪಾಠ ತಯಾರಿ ಮಾಡಬೇಕು. ಈ ಪಾಠ ತಯಾರಿಯೋ, ದೇವರೇ, ನೋಡಿದವರು ನಗಬೇಕು ಇಲ್ಲ ಅಳಬೇಕು.

ನಮ್ಮ ಕಾಲೇಜಿನವರು ಅದನ್ನು 'ಹೊಸ ಪದ್ಧತಿ' ಎನ್ನುತ್ತಿದ್ದರು. ಇಂಗ್ಲಿಷನ್ನು ಇಂಗ್ಲಿಷಿನಿಂದಲೇ ಕಲಿಸಬೇಕು. ತಾಯಿನುಡಿಯ ಒಂದು ಅಕ್ಷರವೂ ತರಗತಿಯಲ್ಲಿ ಬೀಳಕೂಡದು. ವಸ್ತು ಎತ್ತಿ ತೋರಿಸಬೇಕು, ಹೆಸರು ಹೇಳಬೇಕು. ಕೆಲಸ ಮಾಡಿ ತೋರಿಸಬೇಕು, ಮಾಡುತ್ತಲೇ ವಾಕ್ಯ ಹೇಳಬೇಕು. ಬಾಗಿಲಿನ ಕಡೆ ನಡೆಯುತ್ತ, "ಐ ಆ್ಯಮ್ ಗೋಯಿಂಗ್ ಟು ದ ಡೋರ್" ಎನ್ನಬೇಕು. ತಿರುಗಿ ಬರುತ್ತ, "ಐ ಆ್ಯಮ್ ಕಮಿಂಗ್ ಬ್ಯಾಕ್" ಎನ್ನಬೇಕು. ವಿದ್ಯಾರ್ಥಿ ಅದನ್ನೇ ಮಾಡಿ ಹೇಳಬೇಕು. ಅರ್ಥ ತಾನಾಗಿಯೇ ಹೊಳೆಯುತ್ತದಂತೆ. ಹೊಳೆಯದಿದ್ದರೆ ಮತ್ತೆ ಬಾಗಿಲಿಗೆ ಹೋಗಬೇಕು.

ನಾನು ಆ ಖೋಲಿಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿನಿಂದ ಒಲೆಗೆ ಗೋಯಿಂಗ್ ಕಮಿಂಗ್ ಮಾಡುವುದನ್ನು ಚಾಳಿನ ಗ್ಯಾಲರಿಯಲ್ಲಿ ನಿಂತ ಮಂದಿಯೆಲ್ಲ ನೋಡಿದರು. ಪಕ್ಕದ ಮರಾಠಿ ಹೆಂಗಸು ಅಕ್ಕನನ್ನು ಕರೆದು, "ಪೋರಗಿ ಬರೀ ಆಹೇ ನಾ?" ಎಂದು ಮೆಲ್ಲಗೆ ಕೇಳಿದಳು. ಹುಡುಗಿಗೆ ತಲೆ ನೆಟ್ಟಗಿದೆ ತಾನೇ ಎಂದು! ಭಾವನಿಗಂತೂ ಹಬ್ಬ. ಊಟಕ್ಕೆ ಕುಳಿತರೆ ಸಾಕು, "ಧಿಸ್ ಈಸ್ ಎ ರೊಟ್ಟಿ. ಧಿಸ್ ರೊಟ್ಟಿ ಈಸ್ ಕೋಲ್ಡ್. ಯುವರ್ ಅಕ್ಕಾ ಈಸ್ ಹಾಟ್" ಎನ್ನುತ್ತಿದ್ದರು. ಅಕ್ಕ ಸೌಟು ಎತ್ತುತ್ತಿದ್ದಳು.

ಅಭ್ಯಾಸದ ಪಾಠಕ್ಕೆಂದು ಕಾಲೇಜಿನವರು ನಮ್ಮನ್ನು ಊರಿನ ಒಂದೊಂದು ಮೂಲೆಗೆ ಹಂಚಿದರು. ನನಗೆ ಸಿಕ್ಕಿದ್ದು ಬೈಕುಲ್ಲಾದಲ್ಲಿ ನಮ್ಮ ಕನ್ನಡದ ಹೆಂಗಸರ ಒಂದು ಮಂಡಳ. ಮಧ್ಯಾಹ್ನ ಮನೆಯ ಉಸಾಬರಿ ಮುಗಿಸಿ ಬರುವ ಗೃಹಿಣಿಯರು. ಜಾಗ ಎಲ್ಲಿ ಅಂತೀರಿ? ಉಳ್ಳಾಗಡ್ಡಿಯ ಸಗಟು ಮಳಿಗೆಯ ಮೇಲಿನ ಕೋಣೆ! ಟ್ರಾಮಿನಿಂದ ಇಳಿದು, ಹಮಾಲರ ಕೈಗಾಡಿಗಳ ನಡುವೆ ಸೀರೆ ಎತ್ತಿ ಹಿಡಿದು, ಸಿಪ್ಪೆಯ ಮೇಲೆ ಜಾರುತ್ತ ಮೆಟ್ಟಿಲು ಹತ್ತಬೇಕು. ಹತ್ತಿದ ಮೇಲೆ ಕಣ್ಣುರಿ. ಮೊದಲ ದಿನ ಮೇಲ್ವಿಚಾರಣೆಗೆ ಬಂದ ಇನಾಮದಾರ ಸರ್, ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ನೋಡಿ, ಪಾಠ ಅಷ್ಟು ದುಃಖದ್ದಾಗಿರಬೇಕಿಲ್ಲ ಎಂದು ಇಂಗ್ಲಿಷಿನಲ್ಲಿ ನನಗೆ ಬುದ್ಧಿ ಹೇಳಿದರು.

ಈ ಇನಾಮದಾರ ಸರ್ ನಮ್ಮ ಪಾಠಗಳನ್ನು ನೋಡಿ ಅಂಕ ಹಾಕುವವರು. ಕರಿ ಕೋಟು, ಕರಿ ಕೊಡೆ, ನಗು ಎಂದರೆ ಏನೆಂದೇ ಅರಿಯದ ಮುಖ. ಅವರು ವಿಜಾಪುರದ ಕಡೆಯವರು, ಮನೆಯಲ್ಲಿ ಅಚ್ಚ ಕನ್ನಡ ಎಂದು ಕಾಲೇಜಿನ ಪ್ಯೂನ್ ಹೇಳಿದ್ದ. ನಮ್ಮ ಕಡೆಯವರಲ್ಲವೇ ಎಂಬ ಸಲಿಗೆಯಿಂದ ನಾನು ಒಮ್ಮೆ, "ಸರ್, ಒಂದು ಮಾತ್ ಕೇಳೋದಿತ್ತು" ಎಂದೆ. ಅವರು ಕಿವಿ ಕೇಳದವರಂತೆ, "ಐ ಬೆಗ್ ಯುವರ್ ಪಾರ್ಡನ್?" ಎಂದರು. ನಾನು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳುವವರೆಗೂ ಆ ಮುಖ ಕದಲಲಿಲ್ಲ. ಹುಟ್ಟಿದಾಗ ಇಂಗ್ಲಿಷಿನಲ್ಲೇ ಅತ್ತಿದ್ದರೇನೋ!

ತರಗತಿಯ ಹೆಂಗಸರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬರು ಶಾಂತವ್ವ, ವಿಜಾಪುರದ ಅರಿವೆ ವ್ಯಾಪಾರಿಯ ಹೆಂಡತಿ, ನನ್ನನ್ನು 'ಅಕ್ಕೋರ' ಎನ್ನುತ್ತಿದ್ದರು. ಇನ್ನೊಬ್ಬರು ಗುಲಾಬಿಯಕ್ಕ. ಉಡುಪಿಯ ಕಡೆಯವರು. ನಮ್ಮ ಮಳಿಗೆಯ ಎದುರಿಗೇ ಅವರ ಗಂಡನ ಸಣ್ಣ ಚಾದ ಹೋಟೆಲು. ಎತ್ತರದ ಆಳು, ಎಲೆಯಡಿಕೆಯ ಬಾಯಿ, ಮೆಟ್ಟಿಲ ಕೆಳಗಿನಿಂದಲೇ ಕೇಳುವ ದನಿ. ಇಂಗ್ಲಿಷ್ ಯಾಕೆ ಕಲಿಯುತ್ತೀರಿ ಎಂದು ಮೊದಲ ದಿನ ಕೇಳಿದ್ದಕ್ಕೆ, "ಮುನಿಸಿಪಾಲಿಟಿಯ ಇನ್‌ಸ್ಪೆಕ್ಟರ್ ಬಂದು ಇಂಗ್ಲಿಷಿನಲ್ಲಿ ಬೈತಾನೆ ಟೀಚರೇ. ನಮ್ಮವರು ತಲೆ ಅಲ್ಲಾಡಿಸಿ ನಿಲ್ತಾರೆ. ಬೈದದ್ದು ಎಂತ ಅಂತಾದರೂ ಗೊತ್ತಾಗ್ಬೇಕಲ್ಲ?" ಎಂದಿದ್ದರು. ಕಲಿಯುವುದರಲ್ಲಿ ಎಲ್ಲರಿಗಿಂತ ಚುರುಕು. ಬುಕ್ಕು, ಬೆಂಚು, ವಿಂಡೋ, ಎಲ್ಲ ಪಟಪಟನೆ. ಕೊನೆಗೊಂದು 'ಉ' ಅಂಟಿಸದೆ ಒಂದು ಶಬ್ದವೂ ಹೊರಬೀಳುತ್ತಿರಲಿಲ್ಲ, ಅದು ಬೇರೆ ಮಾತು.

ತೊಡಕು ಶುರುವಾಗಿದ್ದು ಬಾಗಿಲಿನಲ್ಲಿ. ನಾನು ಪದ್ಧತಿಯ ಪ್ರಕಾರ ನಡೆದು ತೋರಿಸಿದೆ. "ಐ ಆ್ಯಮ್ ಗೋಯಿಂಗ್ ಟು ದ ಡೋರ್." ಗುಲಾಬಿಯಕ್ಕ ಎದ್ದರು. ಸೆರಗು ಸರಿಮಾಡಿಕೊಂಡರು. ಬಾಗಿಲಿನ ಕಡೆ ಗಂಭೀರವಾಗಿ ನಡೆದು, ಹೊಸ್ತಿಲ ಹತ್ತಿರ ನಿಂತು, ನಮ್ಮ ಕಡೆ ತಿರುಗಿ ಹೇಳಿದರು: "ಐ ಆ್ಯಮ್ ಕಮಿಂಗು."

ನಾನು ಮತ್ತೆ ನಡೆದೆ. "ಗೋಯಿಂಗ್" ಎಂದು ಒತ್ತಿ ಹೇಳಿದೆ. ಅವರೂ ಮತ್ತೆ ನಡೆದರು. "ಕಮಿಂಗು." ನಾನು ಕೈ ಬೀಸಿ, ಬೆರಳು ತೋರಿಸಿ, ಕಾಲು ಬಡಿದು ತೋರಿಸಿದೆ. ಶಾಂತವ್ವನನ್ನು ಎಬ್ಬಿಸಿದೆ. ಅವರೂ ಹೊಸ್ತಿಲ ತನಕ ಹೋಗಿ, ನಾಚಿ, "ಕಮಿಂಗ್ ರೀ ಅಕ್ಕೋರ" ಎಂದರು. ಅಂದು ಮಧ್ಯಾಹ್ನವಿಡೀ ನಮ್ಮ ಕೋಣೆಯಿಂದ ಹೊರಗೆ ಹೋದವರೆಲ್ಲ ಬರುತ್ತಲೇ ಇದ್ದರು. ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಡಿಸೆಂಬರಿನಲ್ಲಿ ಮೊದಲ ಪರೀಕ್ಷೆಯ ಪಾಠ. ಹಿಂದಿನ ಬೆಂಚಿನಲ್ಲಿ ಇನಾಮದಾರ ಸರ್ ಕೊಡೆ ಮಡಚಿ ಕುಳಿತರು. ಎಲ್ಲ ಸರಿಯಾಗಿಯೇ ನಡೆದಿತ್ತು, ಬಾಗಿಲು ಬಂತು. ಗುಲಾಬಿಯಕ್ಕ ಹೊಸ್ತಿಲಲ್ಲಿ ನಿಂತು ಕಂಚಿನ ಕಂಠದಲ್ಲಿ, "ಐ ಆ್ಯಮ್ ಕಮಿಂಗು" ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂದುಬಿಟ್ಟಿತು: "ಹಂಗಲ್ರೀ ಗುಲಾಬಕ್ಕಾ! ಹೋಗತೇನಿ ಅನಬೇಕ್ರೀ, ಹೋಗತೇನಿ!"

ಇನಾಮದಾರ ಸರ್ ಎದ್ದು ನಿಂತರು. "ನೋ ಮದರ್ ಟಂಗ್, ಮಿಸ್" ಎಂದಷ್ಟೇ ಹೇಳಿ ಕೊಡೆ ಹಿಡಿದು ಹೊರಟೇಹೋದರು. ಫೇಲ್. ಇನ್ನು ಉಳಿದದ್ದು ಮಾರ್ಚಿನ ಒಂದು ಅವಕಾಶ, ಅದೇ ಕಡೆಯದು. ಬೊರಿವಲಿಯ ಶಾಲೆಯೊಂದರ ಹೆಡ್‌ಮಾಸ್ತರರು, "ಪಾಸು ಮಾಡಿಕೊಂಡು ಬನ್ನಿ, ಜೂನಿನಲ್ಲಿ ಸೇರಿಸಿಕೊಳ್ಳುತ್ತೇನೆ" ಎಂದು ಮಾತು ಕೊಟ್ಟಿದ್ದರು. ಬೊರಿವಲಿ ಆಗ ಊರಾಚೆಯ ಊರು. ಆದರೂ ಗದಗಿನ ಎತ್ತುಗಳಿಗಿಂತ ಅದು ನನಗೆ ಹತ್ತಿರವಾಗಿತ್ತು.

ಸರ್ ಹೋದ ಮೇಲೆ ನಾನು ಕುರ್ಚಿಯಲ್ಲಿ ಕುಸಿದು ಅತ್ತೆ. ಈ ಸಲ ಉಳ್ಳಾಗಡ್ಡಿಯ ತಪ್ಪಿರಲಿಲ್ಲ. ಹೆಂಗಸರು ಸುತ್ತ ನಿಂತರು. "ನಿಮಗ ಆ ಒಂದು ಶಬ್ದ ಬಾಯಾಗ ಬರಾಂಗಿಲ್ಲೇನ್ರೀ? ಗೋಯಿಂಗ್! ಏನ್ ಅಂಥಾ ಕಷ್ಟ ಅದರಾಗ?" ಎಂದು ಕೇಳಿದೆ. ಪಾಠ ಮುಗಿದಿತ್ತು, ಕನ್ನಡಕ್ಕೆ ಇನ್ನು ಯಾರ ಭಯ.

"ಬರ್ತದೆ ಟೀಚರೇ, ಬರದೇ ಎಂತ?" ಗುಲಾಬಿಯಕ್ಕ ಹೇಳಿದರು. "ಆದ್ರೆ ಹೊಸ್ತಿಲಲ್ಲಿ ನಿಂತು ಹೋಗ್ತೇನೆ ಅಂತ ಹೇಳ್ಲಿಕ್ಕೆ ಉಂಟಾ? ಹೋಗ್ತೇನೆ ಅಂತ ಹೊರಡ್ಲಿಕ್ಕೆ ನಾನೇನು ಗಂಡನ ಹತ್ರ ಜಗಳ ಮಾಡಿದ್ದೇನಾ? ನಮ್ಮಲ್ಲಿ ಪೋದು ಬರ್ಪೆ ಅಂತ ಹೇಳುವುದು. ಹೋಗಿ ಬರ್ತೇನೆ. ಸತ್ತವರು ಮಾತ್ರ ಹೋಗುವುದು."

"ಹೌದ್ರೀ ಅಕ್ಕೋರ," ಶಾಂತವ್ವನೂ ಸೇರಿಕೊಂಡರು, "ನಮ್ಮ ಕಡೀನೂ ಹಂಗ. ಹೋಗತೇನಿ ಅಂದ್ರ ನಮ್ಮತ್ತಿ, ಬಿಡ್ತು ಅನ್ನು ಅಂತ ಬಾಯಿ ಮುಚ್ಚಸ್ತಿದ್ಲು."

ನನ್ನ ಅವ್ವನೂ ಹಾಗೇ ಬಾಯಿ ಮುಚ್ಚಿಸುತ್ತಿದ್ದಳು. ಬೆಳಿಗ್ಗೆ ಚಾಳಿನಿಂದ ಹೊರಡುವಾಗ ನಾನೂ ಅಕ್ಕನಿಗೆ "ಬರ್ತೀನವಾ" ಎಂದೇ ಹೇಳಿ ಬಂದಿದ್ದೆ. ಆದರೂ ಬಿಡದೆ, "ಅದು ಇಂಗ್ಲಿಷಿನ್ಯಾಗ ಅಪಶಕುನ ಅಲ್ರೀ" ಎಂದೆ. "ಇಂಗ್ಲಿಷಿನಲ್ಲಿ ಹೇಳಿದ್ರೆ ಯಮನಿಗೆ ಅರ್ಥ ಆಗುದಿಲ್ವಾ?" ಎಂದರು ಗುಲಾಬಿಯಕ್ಕ. ಇದಕ್ಕೆ ಯಾವ ಪದ್ಧತಿಯಲ್ಲಿ ಉತ್ತರವಿದೆ, ಹೇಳಿ. ಆ ಕ್ಷಣ ಅವರನ್ನು ಜಗ್ಗಾಡಿ ಕೇಳುವಷ್ಟು ಕೋಪವೂ ಬಂದಿತ್ತು, ಅವರ ಹೆಗಲ ಮೇಲೆ ತಲೆಯಿಟ್ಟು ಇನ್ನಷ್ಟು ಅಳಬೇಕೆಂದೂ ಅನ್ನಿಸಿತ್ತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನಾನೊಂದು ಉಪಾಯ ಹುಡುಕಿದೆ. ಬಾಗಿಲನ್ನೇ ಬಿಟ್ಟರಾಯಿತು! ಕರಿಹಲಗೆಗೆ ಹೋಗಲಿ, ಕಿಟಕಿಗೆ ಹೋಗಲಿ. ಅಲ್ಲಿ ಹೊಸ್ತಿಲಿಲ್ಲ, ಅಪಶಕುನವಿಲ್ಲ. ಮರುದಿನ, "ಐ ಆ್ಯಮ್ ಗೋಯಿಂಗ್ ಟು ದ ಬ್ಲ್ಯಾಕ್‌ಬೋರ್ಡ್" ಎಂದು ನಡೆದೆ. ಗುಲಾಬಿಯಕ್ಕ ಒಂದೇ ಏಟಿಗೆ, "ಗೋಯಿಂಗು ಟು ದ ಬ್ಲ್ಯಾಕುಬೋರ್ಡು" ಎಂದರು. ನನಗೆ ಕುಣಿಯುವಷ್ಟು ಸಂತೋಷ. ಜನವರಿ, ಫೆಬ್ರವರಿ ಪೂರ್ತಿ ನಮ್ಮ ತರಗತಿ ಕರಿಹಲಗೆಗೆ ಹೋಯಿತು, ಕಿಟಕಿಗೆ ಹೋಯಿತು, ನೀರಿನ ಮಡಕೆಗೆ ಹೋಯಿತು. ಕೊನೆಯ 'ಉ' ಕೂಡ ಸ್ವಲ್ಪ ಸ್ವಲ್ಪವೇ ಉದುರತೊಡಗಿತು. 'ಗೋಯಿಂಗ್' ಎಂದ ಕೂಡಲೇ ತುಟಿ ಮುಚ್ಚಿ ಉಸಿರು ಹಿಡಿಯಿರಿ ಎಂದು ನಾನು ಹೇಳಿಕೊಟ್ಟಿದ್ದೆ. ಗುಲಾಬಿಯಕ್ಕ ಎಲೆಯಡಿಕೆ ಉಗುಳಿ ಬಂದು, ಕೆನ್ನೆ ಉಬ್ಬಿಸಿ ಉಸಿರು ಹಿಡಿದು ಅಭ್ಯಾಸ ಮಾಡುತ್ತಿದ್ದರು.

ಮನೆಯಲ್ಲಿ ಪರಿಸ್ಥಿತಿ ಬಿಗಿಯುತ್ತಿತ್ತು. ಅಕ್ಕನಿಗೆ ಮತ್ತೆ ದಿನ ತುಂಬುತ್ತಿತ್ತು. ಖೋಲಿಯಲ್ಲಿ ಕಾಲು ಚಾಚಲು ಜಾಗವಿರಲಿಲ್ಲ. ಗದಗಿನವರು ಯುಗಾದಿಗೆ ಹುಡುಗಿಯನ್ನು ನೋಡಲು ಬರುತ್ತಾರಂತೆ ಎಂದು ಅಣ್ಣ ಬಂದವರ ಕೈಲಿ ಹೇಳಿ ಕಳಿಸಿದ. "ನೀ ಪಾಸಾಗಿಬಿಡವಾ," ಅಕ್ಕ ಹೇಳಿದಳು, "ನನ್ನ ಸಲುವಾಗರೆ ಪಾಸಾಗು. ನಿನ್ನ ಆ ಮನಿಗೆ ಕಳಸಿದ್ರ ನನಗ ಅನ್ನ ಸೇರಂಗಿಲ್ಲ." ಭಾವ ಕೂಡ ರೊಟ್ಟಿಯ ತಮಾಷೆ ಬಿಟ್ಟಿದ್ದರು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಮಾರ್ಚಿನ ಆ ಮಧ್ಯಾಹ್ನ ಸುಡು ಬಿಸಿಲು. ಕೆಳಗೆ ಹೊಸ ಉಳ್ಳಾಗಡ್ಡಿಯ ಲಾರಿ ಬಂದು ನಿಂತಿತ್ತು. ಇನಾಮದಾರ ಸರ್ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ ಹಿಂದಿನ ಬೆಂಚಿಗೆ ಬಂದರು. ಬಿಸಿಲಿಗೂ ಅದೇ ಕರಿ ಕೋಟು, ಅದೇ ಕೊಡೆ. ನಾನು ಕರಿಹಲಗೆಯಿಂದ ಆರಂಭಿಸಿದೆ. ಗುಲಾಬಿಯಕ್ಕ ಹೋದರು, ಬಂದರು. ಶಾಂತವ್ವ ಕಿಟಕಿಗೆ ಹೋದರು, ಬಂದರು. ಒಂದು ತಪ್ಪಿಲ್ಲ. ಎದೆ ಹಗುರವಾಗಿ ನಾನು ಮುಂದಿನ ಪಾಠಕ್ಕೆ ಕೈ ಹಾಕುವಷ್ಟರಲ್ಲಿ ಹಿಂದಿನಿಂದ ಬಂತು ನೋಡಿ:

"ಮಿಸ್, ದ ಡೋರ್ ಪ್ಲೀಸ್."

ಡಿಸೆಂಬರಿನ ಬಾಗಿಲನ್ನು ಆ ಮಹಾರಾಯ ಮರೆತಿರಲಿಲ್ಲ! ಅತ್ತ ದರಿ, ಇತ್ತ ಪುಲಿ. ಬಾಗಿಲಿಗೆ ಹೋದರೆ ಗುಲಾಬಿಯಕ್ಕ 'ಕಮಿಂಗು' ಎನ್ನುತ್ತಾರೆ, ಹೋಗದಿದ್ದರೆ ಸರ್ ಪೆನ್ನು ತೆಗೆಯುತ್ತಾರೆ. ನಾನು ಗುಲಾಬಿಯಕ್ಕನ ಮುಖ ನೋಡಿದೆ. ಅವರೂ ನನ್ನ ಮುಖ ನೋಡಿದರು. ಅವರಿಗೆ ಎಲ್ಲ ಗೊತ್ತಿತ್ತು. ಬೊರಿವಲಿ ಗೊತ್ತಿತ್ತು, ಗದಗಿನ ಎತ್ತುಗಳೂ ಗೊತ್ತಿದ್ದವು.

ನಾನೇ ಬಾಗಿಲಿಗೆ ನಡೆದೆ. ನಡೆಯುವಾಗ ತಲೆಯಲ್ಲಿ ಏನಿತ್ತೋ ಕಾಣೆ, ಹೊಸ್ತಿಲ ಹತ್ತಿರ ಬಂದಾಗ ಒಂದೇ ಉಸಿರಿನಲ್ಲಿ, "ಐ ಆ್ಯಮ್ ಗೋಯಿಂಗ್ ಆ್ಯಂಡ್ ಕಮಿಂಗ್ ಬ್ಯಾಕ್" ಎಂದುಬಿಟ್ಟೆ. ಗುಲಾಬಿಯಕ್ಕನ ಮುಖ ಅರಳಿತು. "ಓ!" ಎಂದರು. ಎದ್ದು ದಢದಢನೆ ಹೊಸ್ತಿಲಿಗೆ ನಡೆದು, "ಐ ಆ್ಯಮ್ ಗೋಯಿಂಗ್ ಆ್ಯಂಡ್ ಕಮಿಂಗ್ ಬ್ಯಾಕ್!" ಎಂದರು. ಹೋಗಿ ಬರ್ತೇನೆ! ನನಗೆ ಇಷ್ಟು ದಿನ ಯಾಕೆ ಹೊಳೆಯಲಿಲ್ಲವೋ. ಶಾಂತವ್ವ ಹೇಳಿದರು, ಮಿಕ್ಕವರೂ ಸಾಲಾಗಿ ಎದ್ದು ಹೇಳಿದರು. ಬಾಗಿಲಿನಲ್ಲಿ ಹಬ್ಬದ ಗದ್ದಲ.

ಇಷ್ಟಕ್ಕೇ ಬಿಟ್ಟರೆ ಅವರು ಇನಾಮದಾರರು ಹೇಗಾದಾರು? ಕೊಡೆ ತೆಗೆದುಕೊಂಡು ತಾವೇ ಎದ್ದರು. ಬಾಗಿಲಿಗೆ ನಡೆದು, ಹೊರಗೆ ಮುಖ ಮಾಡಿ ನಿಂತು, ಗುಲಾಬಿಯಕ್ಕನನ್ನು ಕೇಳಿದರು: "ವಾಟ್ ಆ್ಯಮ್ ಐ ಡೂಯಿಂಗ್?"

'ಯೂ ಆರ್ ಗೋಯಿಂಗ್' ಎಂಬ ಮೂರು ಶಬ್ದ. ಮನೆಗೆ ಬಂದ ದೊಡ್ಡ ಮನುಷ್ಯರಿಗೆ, ಒಂದು ಗುಟುಕು ಚಾ ಕೂಡ ಕುಡಿಯದವರಿಗೆ, ಬಾಗಿಲಲ್ಲಿ ನಿಲ್ಲಿಸಿ 'ನೀವು ಹೋಗುತ್ತಿದ್ದೀರಿ' ಎನ್ನುವುದೇ? ಗುಲಾಬಿಯಕ್ಕನ ಮುಖ ನೋಡಿದ ಕೂಡಲೇ ಕೆಲಸ ಕೆಟ್ಟಿತೆಂದು ನನಗೆ ತಿಳಿಯಿತು.

"ಸರ್, ಯೂ ಆರ್ ಕಮಿಂಗ್" ಎಂದರು.

"ನೋ. ಲುಕ್ ಅಟ್ ಮೀ. ವಾಟ್ ಆ್ಯಮ್ ಐ ಡೂಯಿಂಗ್?"

"ಕಮಿಂಗ್, ಸರ್. ಟುಮಾರೋ ಆಲ್ಸೋ ಕಮಿಂಗ್."

"ಐ ಆ್ಯಮ್ ಗೋಯಿಂಗ್!" ಸರ್ ಕೊಡೆ ಕುಟ್ಟಿದರು.

"ನೋ ಸರ್, ನಾಟ್ ಗೋಯಿಂಗ್!" ಗುಲಾಬಿಯಕ್ಕ ಬಾಗಿಲಿಗೆ ಅಡ್ಡ ಬಂದು ನಿಂತೇಬಿಟ್ಟರು. "ಟೀ ನಾಟ್ ಡ್ರಿಂಕಿಂಗ್. ಹೌ ಗೋಯಿಂಗ್?"

"ಟೀ ಈಸ್ ಗುಡ್, ಸರ್," ಶಾಂತವ್ವ ಎದ್ದರು. "ಸನ್ ಈಸ್ ಹಾಟ್. ಯೂ ಆರ್ ಸಿಟ್ಟಿಂಗ್."

"ಐ ಡೋಂಟ್ ಟೇಕ್ ಟೀ."

"ವೈ? ಶುಗರ್ ಇಲ್ನೆಸ್?"

"ನೋ, ನೋ..."

"ದೆನ್ ಟೇಕಿಂಗ್!" ಗುಲಾಬಿಯಕ್ಕ ಕಿಟಕಿಗೆ ಓಡಿ ಎದುರಿನ ಹೋಟೆಲಿಗೆ ಕೂಗು ಹಾಕಿದರು. ಅದೊಂದೇ ಕೂಗು ತುಳುವಿನಲ್ಲಿತ್ತು, ಮಿಕ್ಕದ್ದೆಲ್ಲ ಇಂಗ್ಲಿಷು. ಯಾರೂ ಹೇಳಿಕೊಡದ ಇಂಗ್ಲಿಷು! ವರ್ಷವಿಡೀ ಬಾಗಿಲು ಕಿಟಕಿ ಎಂದು ಗಿಣಿಪಾಠ ಒಪ್ಪಿಸಿದ ಹೆಂಗಸರು ಪರೀಕ್ಷಕರೊಂದಿಗೆ ಎದುರಾಬದುರಾ ನಿಂತು ಜಗಳ ಆಡುತ್ತಿದ್ದರು. ನಾನು ಕರಿಹಲಗೆಗೆ ಬೆನ್ನು ಕೊಟ್ಟು ಬೆವರುತ್ತಿದ್ದೆ. ಮುಗಿಯಿತು, ಇನ್ನು ನನ್ನ ಪಾಲಿಗೆ ಗದಗೇ ಗತಿ ಎಂದುಕೊಂಡೆ.

ಗುಲಾಬಿಯಕ್ಕನ ಗಂಡ ಕೇಟ್ಲಿ ಹಿಡಿದು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಇನಾಮದಾರ ಸರ್ ಬೆಂಚಿನ ತುದಿಯಲ್ಲಿ ಕುಳಿತು ಚಾ ಕುಡಿದರು. ಗುಲಾಬಿಯಕ್ಕ, "ಮೋರ್?" ಎಂದರು. ಸರ್ ಕಪ್ಪು ಮುಂದೆ ಹಿಡಿದರು. ಕುಡಿದು ಮುಗಿಸಿ, ಬಾಯೊರೆಸಿಕೊಂಡು, ಕೊಡೆ ಕಂಕುಳಲ್ಲಿ ಸಿಕ್ಕಿಸಿ ಎದ್ದರು. ನನ್ನ ಕಡೆ ನೋಡಲಿಲ್ಲ. ಹೊಸ್ತಿಲ ಹತ್ತಿರ ಚಪ್ಪಲಿ ಮೆಟ್ಟುತ್ತ, ಬಗ್ಗಿದ ತಲೆ ಎತ್ತದೆ, ಅಭ್ಯಾಸಬಲದಿಂದ ಆ ಮನುಷ್ಯನ ಬಾಯಿಂದ ಬಂತು:

"ಬರ್ತೀನ್ರವ್ವಾ."

ವಿಜಾಪುರದ ಅಚ್ಚ ಕನ್ನಡ! ಸರ್ ಅವರಿಗೆ ತಾವೇನು ಅಂದೆವೆಂದು ಗೊತ್ತಾಗಲು ತುಸು ಹೊತ್ತು ಹಿಡಿಯಿತು. ಕಿವಿ ಕೆಂಪಗಾಯಿತು. ಗುಲಾಬಿಯಕ್ಕ ಕೈಮುಗಿದು, ತಮ್ಮ ಇಂಗ್ಲಿಷನ್ನು ಬಿಡದೆ, "ಎಸ್ ಸರ್. ಕಮಿಂಗ್, ಕಮಿಂಗ್" ಎಂದರು. ಮೆಟ್ಟಿಲಿಳಿಯುವ ಸದ್ದು ದೂರವಾಗುವವರೆಗೂ ಶಾಂತವ್ವ ಸೆರಗು ಬಾಯಿಗೆ ತುರುಕಿಕೊಂಡಿದ್ದರು. ಆಮೇಲೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಅವಮಾನವಾದ ಗಂಡಸು ಅಂಕ ಹಾಕಲು ಹೋಗುತ್ತಿದ್ದಾನೆ, ನಗುವುದೆಂತು?

ಪಾಸು ಮಾಡಿದ್ದರು! ಕಟ್ಟಕಡೆಯ ಸಾಲಿನಲ್ಲಿ, ಅಂಚಿಗೆ ನಿಲ್ಲಿಸಿದಂತೆ ಅಂಕ ಕೊಟ್ಟಿದ್ದರು, ನಿಜ. ಕೆಳಗೆ ಒಂದು ಷರಾ ಬೇರೆ: ವಿದ್ಯಾರ್ಥಿನಿಯರು ಮಾತನಾಡುತ್ತಾರೆ, ಬಾಗಿಲನ್ನು ಮಾತ್ರ ಮತ್ತೊಮ್ಮೆ ಕಲಿಸತಕ್ಕದ್ದು. ಪಾಸಾದ ಸಂತೋಷಕ್ಕೂ ಪೂರ್ತಿ ಬಿಡಲೊಲ್ಲದ ಮನುಷ್ಯ! ಅಕ್ಕ ಮಾತ್ರ ಚಾಳಿನ ಮನೆಮನೆಗೂ ಸಕ್ಕರೆ ಹಂಚಿದಳು. ಅಣ್ಣ ಗದಗಿನವರಿಗೆ ಬರಬೇಡಿರೆಂದು ಹೇಳಿದ. ಅತ್ತಿಗೆ ಏನೆಂದಳೋ ನನಗೆ ಬೇಕಿರಲಿಲ್ಲ.

ಮೇ ತಿಂಗಳಲ್ಲಿ ಗುಲಾಬಿಯಕ್ಕ ಊರಿಗೆ ಹೊರಟರು. ಅವರ ಅತ್ತೆ ಹಾಸಿಗೆ ಹಿಡಿದಿದ್ದರಂತೆ, ನೋಡಿಕೊಳ್ಳಲು ಯಾರೂ ಇಲ್ಲವಂತೆ. ಮಳೆ ಹಿಡಿದರೆ ಮಂಗಳೂರಿನ ಕಡೆಯ ಹಡಗು ಬಂದ್ ಆಗುತ್ತದೆಂದು ಅವಸರದಲ್ಲಿ ಟಿಕೇಟು ಮಾಡಿಸಿದ್ದರು. "ದೀಪಾವಳಿಗೆ ಇಲ್ಲೇ ಇರ್ತೇನೆ ಟೀಚರೇ. ನೀವು ಬೊರಿವಲಿಯಿಂದ ಬನ್ನಿ, ಗೋಳಿಬಜೆ ಮಾಡಿ ಹಾಕ್ತೇನೆ" ಎಂದಿದ್ದರು. ನಾನು ಕಳಿಸಿಕೊಡಲು ಹಡಗುಕಟ್ಟೆಯ ಧಕ್ಕೆಗೆ ಹೋದೆ. ಎಂಥ ನೂಕುನುಗ್ಗಲು! ಹಾಸಿಗೆ ಸುರುಳಿ, ಟಿನ್ನು, ಬುಟ್ಟಿಯೊಳಗಿನ ಕೋಳಿ, ಅಳುವ ಮಕ್ಕಳು. ನನ್ನ ಕಾಲು ಯಾರೋ ತುಳಿದರು, ಸೆರಗು ಯಾವುದೋ ಟ್ರಂಕಿಗೆ ಸಿಕ್ಕಿ ಹರಿಯಿತು. ಬೈದುಕೊಳ್ಳುತ್ತ ಮುಂದೆ ನುಗ್ಗುವಷ್ಟರಲ್ಲಿ ಗುಲಾಬಿಯಕ್ಕ ಆಗಲೇ ಹಡಗಿನ ಕಟಕಟೆಗೆ ಆತು ನಿಂತಿದ್ದರು. ನನ್ನನ್ನು ಕಂಡದ್ದೇ ಎರಡೂ ಕೈ ಎತ್ತಿದರು. ಕೆನ್ನೆ ಉಬ್ಬಿಸಿ ಉಸಿರು ಹಿಡಿದರು. ಅಷ್ಟು ಮಂದಿಯ ಗದ್ದಲದ ಮೇಲೆ ಆ ಕಂಚಿನ ಕಂಠ ಕೇಳಿತು:

"ಟೀಚರೇ! ಐ ಆ್ಯಮ್ ಗೋಯಿಂಗ್!"

ನನಗೊಂದು ಕಾಣಿಕೆ ಅದು. ಮುಂಬೈ ಬಿಡುವ ದಿನ ಟೀಚರಿಗೆ ಸರಿಯಾದ ವಾಕ್ಯ ಹೇಳಿ ಸಂತೋಷಪಡಿಸಬೇಕೆಂದು ಆ ಹೆಂಗಸು ನಿರ್ಧಾರ ಮಾಡಿಕೊಂಡು ಬಂದಿದ್ದರು. ಆದರೆ ಹೊರಡುವ ಗಳಿಗೆಯಲ್ಲಿ 'ಹೋಗತೇನಿ' ಅಂದಂತಾಯಿತಲ್ಲ! ಇಂಥದ್ದರಲ್ಲಿ ನನಗೆ ನಂಬಿಕೆ ಇಲ್ಲ, ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೂ ನಾನು ಜನರನ್ನು ತಳ್ಳಿಕೊಂಡು ಧಕ್ಕೆಯ ಅಂಚಿಗೆ ಓಡಿ ಗಂಟಲು ಹರಿಯುವಂತೆ ಕೂಗಿದೆ:

"ತಪ್ಪು ಅದ ರೀ ಗುಲಾಬಕ್ಕಾ! ತಪ್ಪು ಅದ! ಕಮಿಂಗ್ ಅನ್ರೀ, ಕಮಿಂಗ್!"

ಅಷ್ಟರಲ್ಲಿ ಹಡಗಿನ ಭೋಂಗಾ ಹೊಡೆಯಿತು. ಗುಲಾಬಿಯಕ್ಕ ಕಿವಿಗೆ ಕೈ ಹಚ್ಚಿ ಏನು ಎಂದು ಕೇಳಿದರು. ನಾನು ಮತ್ತೆ ಕೂಗಿದೆ. ಟೀಚರಿಗೆ ಕೇಳಿಸಲಿಲ್ಲವೆಂದು ಅವರು ತಿಳಿದುಕೊಂಡಿರಬೇಕು. ಕಟಕಟೆಯ ಮೇಲೆ ಬಗ್ಗಿ, ಮೊದಲಿಗಿಂತ ಜೋರಾಗಿ, ನಗುನಗುತ್ತ ಹೇಳಿದರು:

"ಗೋಯಿಂಗ್, ಟೀಚರೇ! ಗೋಯಿಂಗ್!"

ಎಷ್ಟು ಚೊಕ್ಕ ಉಚ್ಚಾರ! ಕೊನೆಯ 'ಉ' ಹೆಸರಿಗೂ ಇರಲಿಲ್ಲ. ಇನಾಮದಾರ ಸರ್ ಕೇಳಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಹಡಗು ಕಾಣದಾಗುವವರೆಗೂ ನಾನು ಅಲ್ಲೇ ನಿಂತು 'ಕಮಿಂಗ್, ಕಮಿಂಗ್' ಎಂದು ಒಬ್ಬಳೇ ಹೇಳುತ್ತಿದ್ದೆ.

ಕೆಟ್ಟದ್ದೇನೂ ಆಗಲಿಲ್ಲ. ಹಾಸಿಗೆ ಹಿಡಿದ ಅತ್ತೆ ಗುಲಾಬಿಯಕ್ಕನ ಆರೈಕೆಗೆ ಚೇತರಿಸಿಕೊಂಡು ಮತ್ತೆ ಎಷ್ಟೋ ವರ್ಷ ಬದುಕಿದರಂತೆ. ದೀಪಾವಳಿ ಬಂತು, ಹೋಯಿತು. ಗಂಡನೂ ಹೋಟೆಲು ಮಾರಿ ಊರು ಸೇರಿದರು. ಗುಲಾಬಿಯಕ್ಕ ಮುಂಬೈಗೆ ಮತ್ತೆ ಬರಲೇ ಇಲ್ಲ. ನಾನು ಅವರನ್ನು ಮತ್ತೆ ನೋಡಲಿಲ್ಲ.

ಬೊರಿವಲಿಯ ಶಾಲೆಯಲ್ಲಿ ನಾನು ರಿಟೈರಾಗುವವರೆಗೂ ಇಂಗ್ಲಿಷ್ ಕಲಿಸಿದೆ. ಮಕ್ಕಳು ಕರಿಹಲಗೆಗೆ ಹೋದರು, ಕಿಟಕಿಗೆ ಹೋದರು. ಇನ್‌ಸ್ಪೆಕ್ಟರರು ಬಂದು ಬಾಗಿಲಿಗೆ ಯಾಕೆ ಕಳಿಸುವುದಿಲ್ಲ ಎಂದು ಕೇಳಿದರೆ, ಬಾಗಿಲು ಸರಿಯಿಲ್ಲ ಎನ್ನುತ್ತಿದ್ದೆ.

"ಸಾರಿ ಮೌಶಿ, ಬಹಳ ಲೇಟ್ ಆತು" ಎಂದು ಅಕ್ಕನ ಮಗ ಕಾರಿನ ಬಾಗಿಲು ತೆಗೆದ. ನನ್ನ ಮುಖ ನೋಡಿ, "ಯಾಕ, ಅಳ್ಳಿಕತ್ತೀಯೇನು?" ಎಂದ.

"ಉಳ್ಳಾಗಡ್ಡಿ," ಎಂದೆ. "ಗಾಜು ಏರಸು."